ಮೈಕಿಲ್ಲದ ತಿಂಗಳು

ಜನವರಿ 9, ಗುರುವಾರ

ಇಂದಿನಿಂದ ನನಗೆ ಬಾಯಿ ಇಲ್ಲ.

ಹುಮನಾಬಾದಿನ ಗಂಟಲು ಡಾಕ್ಟರು ತಬಸ್ಸುಮ ಬಾಯಿಯವರು ನಳಿಕೆ ಇಳಿಸಿ ನೋಡಿದರು. ದನಿ ಹುಟ್ಟುವ ಜಾಗದಲ್ಲಿ ಗಂಟುಗಳೆದ್ದಿವೆಯಂತೆ. "ಒಂದ್ ತಿಂಗಳ ಮಾತು ಪೂರಾ ಬಂದ್. ಪಿಸುಮಾತೂ ಬ್ಯಾಡ. ಕೇಳಲಿಲ್ಲಂದ್ರ ಆಪರೇಶನ್ ಮಾಡಬೇಕಾಗ್ತದ. ಆಮ್ಯಾಲ ಇದೇ ದನಿ ವಾಪಸ್ ಬರ್ತದಂತ ನಾ ಹೇಳಂಗಿಲ್ಲ ನೋಡ್ರಿ" ಎಂದರು. ಹೌದ್ರಿ ಎನ್ನಲು ಬಾಯಿ ತೆರೆದೆ. ಬೆರಳು ಎತ್ತಿ ಗದರಿಸಿದರು.

ಬಸವಕಲ್ಯಾಣದಲ್ಲಿ ಜ್ಞಾನೇಶ್ವರನ ಮೈಕ್ ಸೆಟ್ ಅಂದರೆ ಯಾರಾದರೂ ಅಂಗಡಿ ತೋರಿಸುತ್ತಾರೆ. ಲಗ್ನ, ಇಲೆಕ್ಷನ್, ಆಡು ಕಳೆದದ್ದು, ನೀರು ಬಾರದ್ದು, ಎಲ್ಲ ನನ್ನ ಬಾಯಿಂದಲೇ ಊರಿಗೆ ತಿಳಿಯಬೇಕು. ಚಳಿಗಾಲ ಬಂತೆಂದರೆ ಫುಟ್‌ಬಾಲ್. ಮೈದಾನದ ಮೂಲೆಯ ಮೇಜಿನ ಮುಂದೆ ಕೂತು ಆಟವನ್ನು ಜನರ ಕಿವಿಗೆ ಉಣಿಸುವವನು ನಾನು. ಸಪ್ಪೆ ಮ್ಯಾಚಿಗೂ ಒಗ್ಗರಣೆ ಕೊಟ್ಟು ರುಚಿ ಹುಟ್ಟಿಸಬಲ್ಲೆ. ಇದನ್ನು ನಾನು ಹೇಳಿಕೊಳ್ಳಬಾರದು. ಆದರೆ ಈ ತಿಂಗಳು ಬೇರೆ ಯಾರೂ ಹೇಳುವುದಿಲ್ಲವಲ್ಲ.

ಹೆಂಡತಿ ಮೀರಾಬಾಯಿಗೆ ಹಬ್ಬ. ಮೊಮ್ಮಗಳ ಪಾಟಿ ಮತ್ತು ಬಳಪ ತಂದು ನನ್ನ ತೊಡೆಯ ಮೇಲಿಟ್ಟಳು. "ಲಗ್ನ ಆದಾಗಿಂದ ನಾ ಒಂದ್ ಮಾತ ಪೂರಾ ಮಾಡಿಲ್ಲ ಈ ಮನ್ಯಾಗ. ಈಗ ಕುಂದ್ರಿ, ಎಲ್ಲಾ ಕೇಳ್ರಿ" ಎಂದಳು. ಪಾಟಿಯಲ್ಲಿ ಎರಡು ಸಾಲು ಹಿಡಿಯುವುದೂ ಕಷ್ಟ. ಅದಕ್ಕೇ ಗೊಬ್ಬರದ ಕಂಪನಿಯವರು ಕೊಟ್ಟ ಈ ಡೈರಿ ತೆಗೆದಿದ್ದೇನೆ. ಮಾತು ಒಳಗೇ ಉಳಿದರೆ ಹುಳಿಯುತ್ತದೆ.


ಜನವರಿ 12, ರವಿವಾರ

ಟೂರ್ನಮೆಂಟು ಶುರುವಾಯಿತು. ಮೊದಲ ಪಂದ್ಯಗಳು ನಮ್ಮ ಬಸವಕಲ್ಯಾಣದಲ್ಲಿ, ಮುಂದಿನವೆಲ್ಲ ಹುಮನಾಬಾದಿನಲ್ಲಿ. ಮೈಕ್ ಸೆಟ್ ನನ್ನದೇ, ಮಾತಾಡುವವನು ಮಾತ್ರ ಹಳ್ಳಿಖೇಡದ ಆರ್ಕೆಸ್ಟ್ರಾದವನು. ದನಿ ಇದೆ, ಆಟ ಗೊತ್ತಿಲ್ಲ. ಕಾರ್ನರ್ ಕಿಕ್ಕಿಗೂ ಪೆನಾಲ್ಟಿಗೂ ಒಂದೇ ರಾಗ. ನಾನು ಪಕ್ಕದಲ್ಲಿ ಕೂತು ಕೈ ಹಿಸುಕಿಕೊಂಡೆ.

ನನ್ನ ಪೆನ್‌ಡ್ರೈವನ್ನು ಅವನಿಗೆ ಕೊಟ್ಟಿದ್ದೆ. ಅದರಲ್ಲಿ ಹಾಡು, ಜಾಹೀರಾತು, ಹಿಂದಿನ ವರ್ಷಗಳ ನನ್ನ ಕೂಗುಗಳು ಎಲ್ಲ ಇವೆ. ಮೊದಲರ್ಧದಲ್ಲಿ ನಮ್ಮ ತಂಡಕ್ಕೆ ಒಂದು ಥ್ರೋ ಸಿಕ್ಕಿತು. ಕರೇಕೋಣ ಗೆರೆಯ ಹತ್ತಿರ ಬಂದು ಚೆಂಡನ್ನು ತಲೆಯ ಮೇಲೆ ಎತ್ತಿದ. ಆರ್ಕೆಸ್ಟ್ರಾದವನು ಗುಂಡಿ ಒತ್ತಿದ. ನಾಲ್ಕೂ ಹಾರ್ನಿನಲ್ಲಿ ನನ್ನ ದನಿ ಮೊಳಗಿತು: "ಬಂದಾ ನೋಡ್ರಿ ಬಂದಾ! ಕಲ್ಯಾಣದ ಕರೇಕೋಣ!"

ಮೈದಾನವೆಲ್ಲ ಎದ್ದು ನಿಂತು ಕೂಗಿತು. ನನ್ನ ಕಣ್ಣು ತುಂಬಿ ಬಂತು. ನಾನು ಮೂಕನಾಗಿ ಕೂತಿದ್ದರೂ ನನ್ನ ದನಿ ದುಡಿಯುತ್ತಿದೆ.

ಆ ಹೆಸರು ನಾನೇ ಇಟ್ಟದ್ದು, ಎರಡು ವರ್ಷದ ಹಿಂದೆ. ನಾರಾಯಣಪುರದ ಹುಡುಗ, ಕಬ್ಬಿನ ಹೊರೆ ಲಾರಿಗೆ ಎತ್ತಿ ಎತ್ತಿ ತೋಳು ಕಬ್ಬಿಣವಾಗಿವೆ. ಬೇರೆಯವರು ಕಾಲಿನಿಂದ ಒದ್ದಷ್ಟು ದೂರ ಇವನು ಕೈಯಿಂದ ಎಸೆಯುತ್ತಾನೆ. ಗೆರೆಯಿಂದ ಎಸೆದರೆ ಚೆಂಡು ನೇರ ಗೋಲಿನ ಬಾಯಿಗೆ. ಮೊದಲ ಸಲ ಕಂಡಾಗ ನನ್ನ ಬಾಯಿಂದ ತಾನಾಗಿ ಬಂತು. ನಮ್ಮದು ಎಮ್ಮೆ ಕಾಯ್ದ ಮನೆತನ. ನಮ್ಮಪ್ಪ ಮಕ್ಕಳಿಗಿಂತ ಹೆಚ್ಚು ತನ್ನ ಕೋಣದ ಮೈ ಸವರುತ್ತಿದ್ದ. ಕೋಣ ಅನ್ನುವುದು ನಮ್ಮಲ್ಲಿ ಹೊಗಳಿಕೆಯ ಮಾತು. ಅವನ ಶಾಲೆಯ ಹೆಸರು ಸಂಘರತ್ನ. ಅಷ್ಟುದ್ದ ಹೆಸರು ಕೂಗುವಷ್ಟರಲ್ಲಿ ಚೆಂಡು ಗೋಲಿನೊಳಗೆ ಹೋಗಿ ಹೊರಗೂ ಬಂದಿರುತ್ತದೆ.

ಗೆದ್ದೆವು. ಅವನು ಒಂದು ಸಲವೂ ಮೈಕಿನ ಕಡೆ ತಿರುಗಿ ನೋಡಲಿಲ್ಲ. ಇರಲಿ, ದೊಡ್ಡ ಆಟಗಾರರಿಗೆ ಸ್ವಲ್ಪ ಗರ್ವ ಇರುವುದೇ.


ಜನವರಿ 14, ಮಂಗಳವಾರ

ಸಂಕ್ರಾಂತಿ. ಬಂದವರೆಲ್ಲ ಎಳ್ಳುಬೆಲ್ಲ ಕೈಗಿಟ್ಟು "ಇದು ತಿಂದು ಒಳ್ಳೆ ಮಾತಾಡ್ರಿ ಕಾಕಾ" ಎಂದು ಹೇಳಿ, ಹೇಳಿದ ಮೇಲೆ ನೆನಪಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಮೀರಾಬಾಯಿ ಎಲ್ಲರಿಗಿಂತ ಜಾಸ್ತಿ ನಕ್ಕಳು. ಪಾಟಿಯ ಮೇಲೆ ಒಂದು ಬೈಗುಳ ಬರೆದು ತೋರಿಸಿದೆ.


ಜನವರಿ 19, ರವಿವಾರ

ಹುಮನಾಬಾದ. ಗೆದ್ದೆವು. ಜನ ಸ್ವಲ್ಪ ಮಜಾಕು ಮಾಡಿದರು. ಅಷ್ಟೆ.

ಅಷ್ಟೆ ಎಂದು ಬರೆದು ಊಟಕ್ಕೆ ಹೋದೆ. ರೊಟ್ಟಿ ಒಳಗೆ ಇಳಿಯಲಿಲ್ಲ. ಗಂಟಲು ನೋವು ಎಂದು ಮೀರಾಬಾಯಿ ಗಂಜಿ ಮಾಡಿಕೊಟ್ಟಳು. ಅದೂ ಇಳಿಯಲಿಲ್ಲ. ಪೂರಾ ಬರೆಯುತ್ತೇನೆ.

ಮೇಜಿನ ಬಳಿ ಕೂತರೆ ಆರ್ಕೆಸ್ಟ್ರಾದವನ ತಪ್ಪುಗಳಿಗೆ ಮೈ ಉರಿಯುತ್ತದೆ ಎಂದು ಇವತ್ತು ಜನರ ನಡುವೆ, ಗೆರೆಯ ಪಕ್ಕ ಕೂತೆ. ಇಷ್ಟು ವರ್ಷದಲ್ಲಿ ಇದೇ ಮೊದಲು. ಮೈಕಿನ ಹಿಂದಿನಿಂದ ಕೇಳುವವನಿಗೆ ಜನ ಅಂದರೆ ಒಂದೇ ಗದ್ದಲ. ನಡುವೆ ಕೂತಾಗ ಒಂದೊಂದು ಬಾಯಿಯೂ ಬೇರೆಯಾಗಿ ಕೇಳುತ್ತದೆ. ನನ್ನ ಪಕ್ಕದವನು ಸಜ್ಜನ. ಕೇಳದೆಯೇ ಶೇಂಗಾ ಕೊಟ್ಟ. ಗಂಟಲಿಗೆ ಏನಾಗಿದೆ ಎಂದು ವಿಚಾರಿಸಿದ. ಅವನ ಮಗಳು ಪಿಯುಸಿ ಓದುತ್ತಾಳಂತೆ.

ನಮ್ಮ ತಂಡಕ್ಕೆ ಥ್ರೋ ಬಂತು. ಹಾರ್ನಿನಲ್ಲಿ ನನ್ನ ದನಿ ಕೂಗಿತು, ಕಲ್ಯಾಣದ ಕರೇಕೋಣ. ಕೂಗಿದ್ದೇ ತಡ, ಸುತ್ತಲಿನವರು ಕೋಣದ ಹಾಗೆ ಕೂಗತೊಡಗಿದರು. ಗೆರೆಯ ಹತ್ತಿರ ಬಂದವನು ಜನರಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಎರಡೂ ಕೈ ತಲೆಯ ಮೇಲಿರಬೇಕು. ಥ್ರೋ ಅಂದರೆ ಹಾಗೇ. ಯಾರೋ ದನಕ್ಕೆ ಹಾಕುವ ಮೇವು, ಒಂದು ಹಿಡಿ ಕಣಿಕೆ, ಅವನ ತಲೆಯ ಮೇಲೆ ಎಸೆದರು. ಎರಡೂ ಕೈಯಲ್ಲಿ ಚೆಂಡು, ಮೇವು ಕೊಡವಿಕೊಳ್ಳುವುದು ಹೇಗೆ? ಹಾಗೇ ಎಸೆದ.

ಎರಡನೇ ಥ್ರೋ ಬಂದಾಗ ನನಗೆ ಶೇಂಗಾ ಕೊಟ್ಟವನು ಕೂತಲ್ಲಿಂದಲೇ ಕೂಗಿದ: "ಏ ಕೋಣ, ನಮ್ಮ ಓಣ್ಯಾಗ ಎಮ್ಮಿ ಸತ್ತದ, ಆಟ ಮುಗಿಸಿ ಎಳಕೊಂಡ ಹೋಗ!"

ಸುತ್ತಲಿನವರೆಲ್ಲ ನಕ್ಕರು. ಆಮೇಲೆ ನೇರವಾಗಿ ಜಾತಿ ಹಿಡಿದೇ ಕರೆದರು. ಒಬ್ಬರಲ್ಲ, ಬಹಳ ಮಂದಿ. ಆ ಶಬ್ದವನ್ನು ಇಲ್ಲಿ ಬರೆಯುವುದಿಲ್ಲ.

ನಾನು ಬಾಯಿ ತೆರೆದೆ. ಡಾಕ್ಟರು ನೆನಪಾದರು, ಮುಚ್ಚಿದೆ. ಡಾಕ್ಟರು ನೆನಪಾದದ್ದು ಒಳ್ಳೆಯದೇ ಆಯಿತು ಎಂದೂ ಆ ಕ್ಷಣದಲ್ಲಿ ಅನಿಸಿತು. ಅದನ್ನೂ ಬರೆದಿಡುತ್ತೇನೆ.

ಶೇಂಗಾ ಅಂಗಿಯ ಜೇಬಿನಲ್ಲಿ ಹಾಗೇ ಇದೆ.


ಜನವರಿ 20, ಸೋಮವಾರ

ನಾನು ಕೋಣ ಅಂದದ್ದು ತೋಳಿನ ಬಲಕ್ಕೆ. ಅವರು ಏನನ್ನೋ ತಂದು ಅದಕ್ಕೆ ಜೋಡಿಸಿದರೆ ನಾನೇನು ಮಾಡಲಿ. ಬೇರೆಯವರಿಗೂ ಹೆಸರು ಇಟ್ಟಿದ್ದೇನೆ. ಗೋಲ್‌ಕೀಪರನಿಗೆ ಕಿಲ್ಲೇದಾರ, ನಡುವೆ ಆಡುವ ದೇಶಮುಖರ ಹುಡುಗನಿಗೆ ಛೋಟಾ ಸುಲ್ತಾನ. ಅವರಿಗೆ ಯಾರೂ ಏನೂ ಅನ್ನುವುದಿಲ್ಲ.

ಇದನ್ನು ಬರೆದ ಮೇಲೆ ಓದಿ ನೋಡಿದೆ. ಒಬ್ಬ ಕೋಟೆಯ ಕಾವಲಿನವ, ಇನ್ನೊಬ್ಬ ದೊರೆ. ಆ ಹುಡುಗನಿಗೆ ಮಾತ್ರ ದನದ ಹೆಸರು. ಇಡುವಾಗ ಇದೆಲ್ಲ ತಲೆಯಲ್ಲಿ ಇರಲಿಲ್ಲ. ಖಂಡಿತ ಇರಲಿಲ್ಲ.


ಜನವರಿ 22, ಬುಧವಾರ

ಗಂಟಲು ತೋರಿಸಲು ಹೋಗಿದ್ದೆ. ಗಂಟು ಕರಗುತ್ತಿವೆ, ಮೌನ ಮುಂದುವರಿಸಿ ಎಂದರು ಡಾಕ್ಟರು. ಹೊರಗೆ ಔಷಧಿ ಬರೆದುಕೊಡುವ ನರ್ಸು ಚೀಟಿ ಕೈಗಿಡದೆ ನನ್ನ ಮುಖ ನೋಡಿದಳು.

"ಮೈಕಿನ ಜ್ಞಾನೇಶ್ವರ ಕಾಕಾ ಅಲ್ರಿ ನೀವು? ನಾ ವಿಶಾಖಾ. ಸಂಘರತ್ನನ ಅಕ್ಕ."

ಕೈ ಮುಗಿದೆ.

"ರವಿವಾರ ಮನಿಗಿ ಬಂದ ಅವ. ನಮ್ಮವ್ವ ತಲಿ ಬಾಚಿ ಕಣಿಕಿ ತೆಗದಳು. ಗೆದ್ದ ಬಂದವನ ತಲ್ಯಾಗ ಕಣಿಕಿ ಯಾಕಂತ ಕೇಳಿದ್ರ ಎದ್ದು ಹೊರಗ ಹೋದ. ನಾ ಮೊಬೈಲ್‌ನಾಗ ನೋಡೀನ್ರಿ. ಮೊದಲ ನಿಮ್ಮ ದನಿ ಬರ್ತದ. ಆಮ್ಯಾಲ ಅವರದು."

ಪಾಟಿ ತೆಗೆದು, ಪ್ರೀತಿಯಿಂದ ಇಟ್ಟ ಹೆಸರು ಎಂದು ಬರೆದೆ. ಓದಿದಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಪ್ರೀತಿಲೇ ಇಟ್ಟಿರಬೇಕ್ರಿ, ಇಲ್ಲ ಅನ್ನಂಗಿಲ್ಲ. ನಮ್ಮಪ್ಪ ಊರಾಗಿನ ಸತ್ತ ದನಾ ಎಳೀತಿದ್ದ ಕಾಕಾ. ಇವ ಹುಟ್ಟಿದ ವರ್ಷ, ಇನ್ನ ಎಳಿಯಂಗಿಲ್ಲ ಅಂತ ಗೌಡರ ಮನಿ ಮುಂದ ನಿಂತು ಹೇಳಿ ಬಂದ. ಊರ ಮಂದಿ ಕೂಲಿಗಿ ಕರಿಯೋದ ಬಿಟ್ರು. ಹಸಗೊಂಡೇ ಇದ್ವಿ. ಆಗ ಬುದ್ಧ ವಿಹಾರದ ಭಂತೇಜಿ ಕಡಿಂದ ಹೆಸರ ಕೇಳಿ ತಂದಿಟ್ಟ, ಸಂಘರತ್ನ ಅಂತ. ನಮ್ಮ ಮನ್ಯಾಗ ಇವತ್ತಿಗೂ ಯಾರೂ ಆ ಹೆಸರ ಮುರಿದು ಕರಿಯಂಗಿಲ್ರಿ. ಸಂಘ್ಯಾ ಅಂತ ಒಬ್ಬರೂ ಅನ್ನಂಗಿಲ್ಲ."

ಹಿಂದೆ ಸಾಲಿನಲ್ಲಿದ್ದವರು ಅವಸರ ಮಾಡುತ್ತಿದ್ದರು. ಅವಳು ಚೀಟಿ ಕೊಟ್ಟಳು.

"ಆ ಕೂಗು ಮಿಶಿನ್‌ನಾಗಿಂದ ತಗದುಬಿಡ್ರಿ. ಅಷ್ಟೇ ಕೇಳ್ತೀನಿ. ಫೈನಲ್‌ಗಿ ಕಲಬುರಗಿ ಕ್ಲಬ್ಬಿನವರು ಆಟಗಾರರನ್ನ ಆರಿಸಾಕ ಬರ್ತಾರಂತ. ಅವನ ಥ್ರೋ ಅವರು ನೋಡಬೇಕು. ಕಬ್ಬಿನ ಹೊರಿಯಿಂದ ಅವ ಹೊರಗ ಬರೂದು ಇದೊಂದರಿಂದಲೇ ಆದ."

ತಲೆಯಾಡಿಸಿದೆ. ಎಷ್ಟು ಜೋರಾಗಿ ಆಡಿಸಿದೆನೆಂದರೆ ಕುತ್ತಿಗೆ ಈಗಲೂ ನೋಯುತ್ತಿದೆ.


ಜನವರಿ 24, ಶುಕ್ರವಾರ

ಹಳ್ಳಿಖೇಡಕ್ಕೆ ಹೋಗಿ ಆರ್ಕೆಸ್ಟ್ರಾದವನ ಮುಂದೆ ಪಾಟಿ ಹಿಡಿದೆ. ಪೆನ್‌ಡ್ರೈವ್ ಕೊಡು, ಆ ಕೂಗು ಇನ್ನು ಹಾಕಬೇಡ. ಅವನು ತಕರಾರಿಲ್ಲದೆ ತೆಗೆದುಕೊಟ್ಟ.

"ಒಯ್ರಿ ಕಾಕಾ, ನಿಮ್ಮದು ನಿಮಗ. ನನ್ನ ಮೊಬೈಲ್‌ನಾಗ ಅದ. ಗ್ರೂಪ್‌ಗೂ ಹಾಕೀನಿ. ಮಂದಿ ಅದರ ಮ್ಯಾಲ ಕುಣಿಯೋ ವಿಡಿಯೋ ಮಾಡ್ಯಾರ ನೋಡ್ರಿ, ಸೂಪರ್ ಹಿಟ್!" ಎಂದು ತೋರಿಸಿದ. ಯಾರೋ ಹೆಣ್ಣುಮಕ್ಕಳು, ನಾನು ಕಂಡವರಲ್ಲ, ಕೊಂಬಿನ ಹಾಗೆ ಕೈ ಎತ್ತಿ ನನ್ನ ದನಿಗೆ ಕುಣಿಯುತ್ತಿದ್ದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಿದ್ದರು ಹಿರಿಯರು. ನಾನು ಆಡಿದ್ದು ಹೋಗುತ್ತಲೇ ಇಲ್ಲ.

ಅಲ್ಲಿಂದ ಹುಮನಾಬಾದಿಗೆ, ಗುರುಲಿಂಗನ ಬೀಜದ ಅಂಗಡಿಗೆ. ಟೂರ್ನಮೆಂಟಿನ ಅಧ್ಯಕ್ಷ ಅವನೇ. ನನ್ನ ಹಳೆಯ ಸ್ನೇಹಿತ. ರೆಫರಿ ಧರ್ಮೇಂದ್ರ ಮಾಸ್ತರನೂ ಅಲ್ಲೇ ಇದ್ದ. ಅವನಿಗೂ ಇದು ಚುಚ್ಚಿತ್ತು. ಜನರ ಆ ಕೂಗು ನಿಲ್ಲಿಸು ಎಂದು ಬರೆದ ನನ್ನ ಪಾಟಿ ಓದಿ ಮೊದಲು ಮಾತಾಡಿದವನು ಅವನೇ.

"ನಿಯಮ ಅದ್ರಿ ಅಧ್ಯಕ್ಷರ. ಮೊದಲ ಆಟ ನಿಲ್ಲಸಬೇಕು, ಮೈಕ್‌ನಾಗ ಎಚ್ಚರಿಕಿ ಕೊಡಬೇಕು. ಕೇಳಲಿಲ್ಲಂದ್ರ ಎರಡೂ ತಂಡ ಒಳಗ ಒಯ್ಯಬೇಕು. ಅದಕ್ಕೂ ಕೇಳಲಿಲ್ಲಂದ್ರ ಮ್ಯಾಚ್ ಅಲ್ಲಿಗೇ ಬಂದ್."

"ಬಂದ್ ಮಾಡಿದ್ರ ಕುರ್ಚಿ ಮುರಿತಾರ, ಪೆಂಡಾಲ್ ಹರೀತಾರ. ಯಾರ ಕೂಡ ಜಗಳಾಡ್ಲಿ ನಾ?" ಎಂದ ಗುರುಲಿಂಗ.

ಕೂಗಿದವರನ್ನು ಹೊರಗೆ ಹಾಕು ಎಂದು ಬರೆದೆ.

"ಎಷ್ಟ ಮಂದೀನ ಹಾಕ್ಲಿ ಜ್ಞಾನೋಬಾ? ಗೇಟ್‌ನಾಗ ನಿಂತವರೂ ಕೂಗ್ತಾರ, ಟಿಕೆಟ್ ಹರಿಯೋನೂ ಕೂಗ್ತಾನ."

ಜನರಿಲ್ಲದೆ ಆಡಿಸು ಎಂದು ಬರೆದೆ.

"ಗೇಟ್ ಬಿಟ್ರ ಮೈದಾನಕ್ಕ ಕಂಪೌಂಡೇ ಇಲ್ಲ, ಜನರನ್ನ ಎಲ್ಲಿ ತಡಿಯೋದು?"

ಕಲ್ಯಾಣದ ತಂಡವೇ ಆಟ ಬಿಟ್ಟು ಹೊರನಡೆದರೆ ಏನು ಎಂದು ಕೇಳಿದೆ. ಅದಕ್ಕೆ ಧರ್ಮೇಂದ್ರ ತಲೆ ಬಗ್ಗಿಸಿದ. "ಬಿಟ್ಟ ಹೋದ ತಂಡಕ್ಕ ಸೋಲು ಅಂತ ಬರೀಬೇಕ್ರಿ ನಾ. ಅದೂ ನಿಯಮನೇ." ಆಮೇಲೆ ಟಿವಿಯಲ್ಲಿ ಕಂಡದ್ದನ್ನು ಹೇಳಿದ. ದೊಡ್ಡ ದೊಡ್ಡ ದೇಶಗಳಲ್ಲಿಯೂ ಕಪ್ಪು ಆಟಗಾರರನ್ನು ಕಂಡರೆ ಕೋತಿಯ ಹಾಗೆ ಕೂಗುತ್ತಾರಂತೆ, ಬಾಳೆಹಣ್ಣು ಎಸೆಯುತ್ತಾರಂತೆ. "ಅಲ್ಲಿ ಕುರ್ಚಿಗೊಂದ್ ಕ್ಯಾಮೆರಾ ಅವ, ಪೊಲೀಸರು ಅದಾರ, ಕೋಟಿಗಟ್ಲೆ ದಂಡಾ ಹಾಕ್ತಾರ. ಅಲ್ಲೇ ನಿಂತಿಲ್ರಿ. ನನ್ನ ಕಡಿ ಇರೋದು ಒಂದ್ ಸೀಟಿ."

ಗುರುಲಿಂಗ ಚಹಾ ತರಿಸಿದ. ಕೆಟ್ಟವನಲ್ಲ ಅವನು. "ನಾ ಏನ್ ಬೈದೀನೇನು? ನೀ ಬೈದಿಯೇನು? ಪಬ್ಲಿಕ್ ಅದ, ಎರಡ ದಿನ ಕೂಗ್ತದ, ಬಿಡ್ತದ. ನೀ ಲಗೂ ಆರಾಮ ಆಗು. ನಿನ್ನ ಮಾತಿಲ್ಲದ ಮಜಾನೇ ಇಲ್ಲ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಬರೆಯಲು ಹೋದೆ. ಪೆನ್ನು ಅಲ್ಲೇ ನಿಂತಿತು.


ಜನವರಿ 26, ರವಿವಾರ

ಸೆಮಿಫೈನಲ್, ಮನ್ನಾಏಖೇಳ್ಳಿಯ ತಂಡದ ಮೇಲೆ. ಬೆಳಿಗ್ಗೆ ಧ್ವಜ ಏರಿಸಿ ಬಂದ ಜನವೇ ಸಂಜೆ ಮೈದಾನ ತುಂಬಿದ್ದರು. ಅಂಗಿಯ ಮೇಲೆ ಇನ್ನೂ ತ್ರಿವರ್ಣದ ಬಿಲ್ಲೆ.

ಆರ್ಕೆಸ್ಟ್ರಾದವನು ನನ್ನ ಮಾತು ಕೇಳಿದ, ಕೂಗು ಹಾಕಲಿಲ್ಲ. ಅದರ ಅಗತ್ಯವೇ ಬೀಳಲಿಲ್ಲ. ಗೆರೆಯ ಪಕ್ಕ ಯಾರೋ ಸಣ್ಣ ಸ್ಪೀಕರ್ ತಂದು ನನ್ನ ದನಿ ಹಾಕಿಯೇ ಹಾಕಿದರು. ಕೂಗು ಶುರುವಾಯಿತು. ಧರ್ಮೇಂದ್ರ ಸೀಟಿ ಊದಿ ಆಟ ನಿಲ್ಲಿಸಿದ. ಭೇಷ್ ಎಂದುಕೊಂಡೆ. ಓಡಿ ಬಂದು ಮೇಜಿನವನಿಗೆ ಎಚ್ಚರಿಕೆ ಹೇಳು ಎಂದ. ಆರ್ಕೆಸ್ಟ್ರಾದವನಿಗೆ ಇಂಥದ್ದನ್ನು ಹೇಳಿ ಏನು ಗೊತ್ತು? ಮೈಕ್ ಹಿಡಿದು ನಗುತ್ತಲೇ ಹೇಳಿದ: "ಪ್ರೇಕ್ಷಕರಲ್ಲಿ ವಿನಂತಿ. ದಯಮಾಡಿ ಯಾರೂ ಕರೇಕೋಣಗ ಕರೇಕೋಣ ಅನಬ್ಯಾಡ್ರಿ!"

ಮೈದಾನ ಬಿದ್ದು ಬಿದ್ದು ನಕ್ಕಿತು. ಆಮೇಲಿನ ಕೂಗು ಮೊದಲಿನದಕ್ಕಿಂತ ಎರಡರಷ್ಟು. ಮೈಕಿನ ಮುಂದೆ ನಾನು ಇದ್ದಿದ್ದರೆ, ನನ್ನ ದನಿ ಇದ್ದಿದ್ದರೆ, ಆ ಒಂದು ಮಾತನ್ನು ಹೇಗೆ ಹೇಳಬೇಕೋ ಹಾಗೆ ಹೇಳುತ್ತಿದ್ದೆ. ಹೇಳುತ್ತಿದ್ದೆನೇ? ಗೊತ್ತಿಲ್ಲ.

ಧರ್ಮೇಂದ್ರ ಎರಡನೇ ಸಲ ನಿಲ್ಲಿಸಿದ. ಎರಡೂ ತಂಡ ಒಳಗೆ ನಡೆಯಿರಿ ಎಂದು ಕೈ ತೋರಿಸಿದ. ಆಗ ಆ ಹುಡುಗನೇ ಮುಂದೆ ಬಂದ. ನಾನು ಹತ್ತಿರದಲ್ಲೇ ಇದ್ದೆ, ಕೇಳಿಸಿತು. "ಆಡೂನ್ರಿ ಸರ್. ಒಳಗ ಹೋದ್ರ ನಂದೇ ಹೆಸರ ಬರ್ತದ, ಇವನಿಂದ ಮ್ಯಾಚ್ ಕೆಟ್ಟತು ಅಂತ."

ಆಡಿದರು. ಕೊನೆಗೆ ಅವನ ಥ್ರೋದಿಂದಲೇ ಗೋಲಾಯಿತು. ಬೆನ್ನ ಮೇಲೆ ಕಣಿಕೆ ಬೀಳುತ್ತಿರುವಾಗಲೇ ಎಸೆದ. ಫೈನಲಿಗೆ ಹೋದೆವು. ಎಲ್ಲರೂ ಒಂದೇ ಮಾತು, ನೋಡ್ರಿ ಆಟದಿಂದಲೇ ಉತ್ತರ ಕೊಟ್ಟ, ಗಂಡಸು ಅಂದ್ರ ಹೀಂಗಿರಬೇಕು. ಬೈದವರೂ ಅದನ್ನೇ ಹೇಳಿದರು. ಬೈದವರಿಗೆ ಅದೊಂದು ಸವಲತ್ತು.

ನೀರಿನ ಟಾಕಿಯ ಹತ್ತಿರ ಅವನು ತಲೆ ತೊಳೆದುಕೊಳ್ಳುತ್ತಿದ್ದ. ನಾನು ಹೋಗಿ ನಿಂತೆ. ಪಾಟಿ ಕುರ್ಚಿಯ ಮೇಲೆ ಬಿಟ್ಟು ಬಂದಿದ್ದೆ. ಅವನು ಮುಖ ಎತ್ತಿ ನನ್ನನ್ನು ಕಂಡ. ಮುಖ ಒರೆಸಿಕೊಂಡು ಕೇಳಿದ, "ಗಂಟಲ ಹ್ಯಾಂಗದ್ರಿ ಕಾಕಾ? ಅಕ್ಕ ಹೇಳಿದ್ಲು. ಬಿಸಿ ನೀರ ಕುಡೀರಿ."

ಕೈಯಾಡಿಸಿ ಏನೇನೋ ತೋರಿಸಿದೆ. ಅವನಿಗೆ ತಿಳಿಯಲಿಲ್ಲ. ನನಗೇ ತಿಳಿಯಲಿಲ್ಲ.


ಜನವರಿ 30, ಗುರುವಾರ

ಬರೆಯಲು ಏನೂ ಇಲ್ಲ. ಓಣಿಯ ಮಕ್ಕಳು ಆಡುತ್ತಾ ಆ ಕೂಗು ಕೂಗುತ್ತಿದ್ದಾರೆ. ನನ್ನ ಹಾಗೇ ಎಳೆದು ಕೂಗುತ್ತಾರೆ. ನನ್ನನ್ನು ಕಂಡರೆ ಖುಷಿಯಿಂದ ಮತ್ತೂ ಜೋರು.


ಫೆಬ್ರುವರಿ 1, ಶನಿವಾರ

ನಾಳೆಯ ಫೈನಲಿಗೆ ಮೈಕ್ ನಾನೇ ಹಿಡಿಯುತ್ತೇನೆ ಎಂದು ಗುರುಲಿಂಗನಿಗೆ ಮೆಸೇಜ್ ಹಾಕಿದೆ. ಮೀರಾಬಾಯಿಗೆ ಪಾಟಿಯ ಮೇಲೆ ಬರೆದು ತೋರಿಸಿದೆ.

"ಹುಚ್ಚ ಹಿಡದದೇನ್ರಿ? ಇನ್ನೊಂದ ವಾರ ಉಳದದ. ದನಿ ಹೋತಂದ್ರ ಮುಂದ ಹ್ಯಾಂಗ? ಮೈಕ್ ಬಿಟ್ರ ನಿಮಗ ಏನ್ ಬರ್ತದ?"

ನಿಜ. ಏನೂ ಬರುವುದಿಲ್ಲ.

ಹೆಚ್ಚು ಮಾತಾಡುವುದಿಲ್ಲ ಎಂದು ಬರೆದೆ. ಒಂದೇ ಮಾತು. ಥ್ರೋ ಬಂದಾಗ ಮಾತ್ರ.

ಅವಳು ಆ ಸಾಲು ಓದಿದಳು. ಆಮೇಲೆ ದವಡೆಯಲ್ಲಿ ಜ್ಯೇಷ್ಠಮಧು ಇಟ್ಟುಕೊಳ್ಳಲು ಒಂದು ತುಂಡು ಹುಡುಕಿ ತಂದಳು. "ಅವನ ಹೆಸರ ಏನಂದ್ರಿ?" ಎಂದು ಕೇಳಿದಳು. ಬರೆದು ತೋರಿಸಿದೆ. ಅವಳು ಬಿಡಿಸಿ ಬಿಡಿಸಿ ಓದಿದಳು, "ಸಂ-ಘ-ರ-ತ್ನ. ಏನ್ ಉದ್ದ ಅದರಿ ಇದು? ಜ್ಞಾನೇಶ್ವರ ಅಂಬೋದರಷ್ಟೇ ಅದ."

ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಕೊಂಡೆ. ಥ್ರೋ ತಗೊಳ್ಳಾಕ ಬರಾಕತ್ತಾರ, ಬಸವಕಲ್ಯಾಣದ ಸಂಘರತ್ನ. ಎಳೆಯಬಾರದು. ಒಗ್ಗರಣೆ ಬೇಡ.


ಫೆಬ್ರುವರಿ 2, ರವಿವಾರ

ಫೈನಲ್ ಹುಮನಾಬಾದಿನ ತಂಡದ ಮೇಲೆಯೇ ಇತ್ತು. ಕಲಬುರಗಿ ಕ್ಲಬ್ಬಿನ ಇಬ್ಬರು ಪೆಂಡಾಲಿನ ಮುಂದಿನ ಸಾಲಿನಲ್ಲಿ ಕೂತಿದ್ದರು. ವಿಶಾಖಾ ತಾಯಿಯನ್ನು ಕರೆತಂದಿದ್ದಳು. ಇಬ್ಬರೂ ಹೆಣ್ಣುಮಕ್ಕಳ ಕಡೆ, ತುದಿಯಲ್ಲಿ.

ನಾನು ಮೈಕ್ ಮುಂದೆ ಕೂತೆ. ಆರ್ಕೆಸ್ಟ್ರಾದವನೇ ಉಳಿದದ್ದನ್ನೆಲ್ಲ ಹೇಳುತ್ತಿದ್ದ. ಥ್ರೋ ನನ್ನದು ಎಂದು ಅವನಿಗೆ ಬರೆದುಕೊಟ್ಟಿದ್ದೆ. ಗೆರೆಯ ಪಕ್ಕ ಜನ ತಯಾರಾಗಿ ನಿಂತಿದ್ದರು. ಸ್ಪೀಕರ್ ಇತ್ತು. ಒಬ್ಬ ಕಣಿಕೆಯ ಒಂದು ಸೂಡನ್ನೇ ಹೊತ್ತು ತಂದಿದ್ದ.

ಮೊದಲ ಥ್ರೋ ಬಂತು. ಮೈಕಿನ ಗುಂಡಿ ಒತ್ತಿದೆ. ಚೆಂಡಿನ ಹತ್ತಿರ ಬಂದವನು ಗಿಡ್ಡನೆಯ ಬೇರೊಬ್ಬ. ಎರಡು ಮಾರು ದೂರದವನಿಗೆ ಎಸೆದು ಓಡಿದ. ಸಂಘರತ್ನ ಮೈದಾನದ ನಡುವೆ ನಿಂತಿದ್ದ.

ಗುಂಡಿ ಆರಿಸಿದೆ.

ಎರಡನೆಯದು ಬಂತು. ಮತ್ತೆ ಆ ಗಿಡ್ಡನೆಯವನೇ. ಆಮೇಲಿನದೂ ಅವನದೇ. ಆಗ ನನಗೆ ತಿಳಿಯಿತು. ಅವನು ಗೆರೆಯ ಹತ್ತಿರ ಬರುವುದನ್ನೇ ಬಿಟ್ಟಿದ್ದಾನೆ. ಚೆಂಡು ತನ್ನ ಕಾಲಿನ ಹತ್ತಿರವೇ ಗೆರೆ ದಾಟಿದರೂ ಅಲ್ಲೇ ನಿಂತು, ಬೇರೆಯವನಿಗೆ ಕೈ ಮಾಡಿ ಕರೆಯುತ್ತಿದ್ದ.

ಮ್ಯಾಚ್ ಪೂರಾ ಕಾದೆವು. ನಾನು ಮೈಕ್ ಹಿಡಿದುಕೊಂಡು, ಅವರು ಕಣಿಕೆ ಹಿಡಿದುಕೊಂಡು. ಇಬ್ಬರಿಗೂ ಬೇಕಾದದ್ದು ಒಂದೇ, ಅವನು ಗೆರೆಗೆ ಬರಬೇಕು.

ಹುಮನಾಬಾದಿನವರು ಒಂದು ಗೋಲು ಹೊಡೆದರು. ಕೊನೆಯ ಗಳಿಗೆಯಲ್ಲಿ, ಗೋಲಿನ ಸಮೀಪ, ಸರಿಯಾಗಿ ಅವನ ಜಾಗದಲ್ಲಿ ನಮಗೆ ಥ್ರೋ ಸಿಕ್ಕಿತು. ನಮ್ಮ ತಂಡದವರೆಲ್ಲ ಅವನನ್ನು ಕೂಗಿದರು. ನಮ್ಮ ಜನವೂ ಕೂಗಿತು, ಯಾವ ಹೆಸರಿನಿಂದ ಎಂದು ಬರೆಯಬೇಕಾಗಿಲ್ಲ. ಅವನು ಬಂದ. ಗೆರೆಯ ತನಕ ಬಂದ. ಚೆಂಡು ಎತ್ತಿಕೊಂಡ. ನಾನು ಬಾಯಿ ತೆರೆದೆ. ಅವನು ಜನರ ಮುಖ ನೋಡಿದ, ಆ ಕಣಿಕೆಯ ಸೂಡು ನೋಡಿದ, ಚೆಂಡನ್ನು ಆ ಗಿಡ್ಡನೆಯವನ ಕೈಗಿಟ್ಟು ತಿರುಗಿ ನಡೆದ.

ಸೋತೆವು. ಕಲಬುರಗಿಯವರು ಹುಮನಾಬಾದಿನ ಇಬ್ಬರನ್ನು ಕರೆದು ಮಾತಾಡಿಸಿದರು.

ಬಹುಮಾನ ಹಂಚುವಾಗ ಸೋತ ತಂಡದವರನ್ನು ಒಬ್ಬೊಬ್ಬರಾಗಿ ಕರೆಯಬೇಕಿತ್ತು. ಮೈಕನ್ನು ನಾನು ಎಳೆದುಕೊಂಡೆ. ಅವನ ಸರದಿ ಬಂದಾಗ ಹೇಳಿದೆ. ಸಂಘರತ್ನ. ಒಡೆದ ಕೊಳವೆಯಿಂದ ಬಂದ ಹಾಗಿತ್ತು ದನಿ. ಆದರೂ ಪೂರ್ತಿ ಹೆಸರು ಬಂತು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮುಂದೆ ನಿಂತವನೊಬ್ಬ ಪಕ್ಕದವನನ್ನು ಕೇಳಿದ, "ಯಾರಪ್ಪಾ ಇವ ಸಂಘರತ್ನ?"

ಗುರುಲಿಂಗ ನನಗೆ ಸಹಾಯ ಮಾಡಬೇಕೆಂದೇ ಬಾಗಿ ಮೈಕಿಗೆ ಹೇಳಿದ, "ಅದೇರಪ್ಪಾ, ನಮ್ಮ ಕರೇಕೋಣ!"

ಆಗ ಹೊಡೆದರು ಚಪ್ಪಾಳೆ. ಮನಸಾರೆ ಹೊಡೆದರು.

ಅವನು ಪದಕ ತೆಗೆದುಕೊಂಡು ಇಳಿದು ಹೋದ. ವಿಶಾಖಾ ತಾಯಿಯ ಕೈ ಹಿಡಿದು ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದಳು. ನನ್ನ ಕಡೆ ತಿರುಗಿ ನೋಡಿದಳೋ ಇಲ್ಲವೋ ಕಾಣಲಿಲ್ಲ.


ಫೆಬ್ರುವರಿ 9, ರವಿವಾರ

ನಿನ್ನೆ ಡಾಕ್ಟರು ಮಾತಿಗೆ ಪರವಾನಗಿ ಕೊಟ್ಟರು. ಸ್ವಲ್ಪ ಸ್ವಲ್ಪ ಮಾತಾಡಬಹುದು, ಕೂಗುವಂತಿಲ್ಲ. ನಡುವೆ ಒಂದು ದಿನ ಬಾಯಿ ಬಿಟ್ಟಿದ್ದೀರಿ ಎಂದು ಕಂಡುಹಿಡಿದು ಬೈದರು. ಹಳೆಯ ದನಿ ಪೂರಾ ಬರುವುದು ಅನುಮಾನವಂತೆ. ವಿಶಾಖಾ ರಜೆಯ ಮೇಲಿದ್ದಳು.

ಭಾಲ್ಕಿಯಿಂದ ಫೋನ್ ಬಂತು. ಅಲ್ಲಿ ಮುಂದಿನ ತಿಂಗಳು ಟೂರ್ನಮೆಂಟು. "ಕಾಕಾ, ಆ ಕೋಣದ ಕೂಗು ಒಂದ್ ಕಳಿಸ್ರಿ. ನಮ್ಮಲ್ಲೂ ಅಂಥಾವ ಒಬ್ಬ ಅದಾನ, ಅವಗೂ ಹಾಕ್ತೀವಿ."

"ಅದು ನನ್ನ ದನಿ ಅಲ್ಲ" ಎಂದೆ. ತಿಂಗಳ ಮೇಲೆ ನಾನು ಫೋನಿನಲ್ಲಿ ಆಡಿದ ಮೊದಲ ಮಾತು ಅದು.

"ನಿಮ್ಮದೇರಿ ಕಾಕಾ! ನಿಮ್ಮ ದನಿ ನಮಗ ಗೊತ್ತಿಲ್ಲೇನು? ಎಲ್ಲಾರಿಗೂ ಗೊತ್ತದ" ಎಂದು ನಕ್ಕ. ಇರಲಿ ಬಿಡ್ರಿ, ಗ್ರೂಪಿನಲ್ಲಿ ಸಿಗುತ್ತದೆ ಎಂದು ಹೇಳಿ ಇಟ್ಟ.

ಮೀರಾಬಾಯಿ ಬಾಯಿ ತುಂಬ ಮಾತಾಡಿರಿ ಎಂದು ಮುಂದೆ ಬಂದು ಕೂತಳು. ನೀನೇ ಹೇಳು ಎಂದೆ. ಅವಳು ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು.

ಸಂಜೆ ಅಡ್ಡಾಡಲು ನಮ್ಮೂರ ಮೈದಾನದ ಕಡೆ ಹೋದೆ. ಯಾರೂ ಇರಲಿಲ್ಲ. ಆಚೆಯ ಗೆರೆಯ ಹತ್ತಿರ ಸಂಘರತ್ನ ಒಬ್ಬನೇ ಇದ್ದ. ಚೆಂಡು ತಲೆಯ ಮೇಲೆ ಎತ್ತಿ ಎಸೆಯುತ್ತಿದ್ದ. ಅದು ಗೋಲಿನ ಬಾಯಿಯಲ್ಲಿ ಬೀಳುತ್ತಿತ್ತು. ನಡೆದು ಹೋಗಿ ತಾನೇ ಎತ್ತಿಕೊಂಡು ಬಂದು ಮತ್ತೆ ಗೆರೆಯ ಮೇಲೆ ನಿಲ್ಲುತ್ತಿದ್ದ. ಬೆನ್ನ ಹಿಂದೆ ಬರಿಯ ಬಯಲು.

ಕರೆಯಬಹುದಿತ್ತು. ಈಗ ನನಗೆ ದನಿ ಇದೆ, ಹೆಸರೂ ಬಾಯಿಗೆ ಬರುತ್ತದೆ. ಕರೆದರೆ ಯಾರೋ ನೋಡುತ್ತಿದ್ದಾರೆಂದು ಅವನು ನಿಲ್ಲಿಸಿಬಿಡುತ್ತಾನೆ.

ಚಪ್ಪಲಿಯ ಸದ್ದಾಗದ ಹಾಗೆ ಹಿಂದಕ್ಕೆ ಸರಿದು, ಸುತ್ತು ಹಾದಿ ಹಿಡಿದು ಮನೆಗೆ ಬಂದೆ.